ರಕ್ತದ ಕೊಬ್ಬನ್ನು ತೇಲಿಸಿ ನೋಡಿದವರು

ರಾಬರ್ಟ್ ಆಪನ್‌ಹೈಮರ್ ಅವರಿಗೆ ಅಣುಬಾಂಬಿನ ಕೆಲಸಕ್ಕಾಗಿ ಅರ್ಧ ಮಿಲಿಗ್ರಾಂ ಪ್ಲುಟೋನಿಯಂ ಬೇಕಾಗಿತ್ತು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಆಗ ಮನುಷ್ಯರ ಕೈಯಲ್ಲಿದ್ದ ಪ್ಲುಟೋನಿಯಮ್ಮನ್ನೆಲ್ಲ ಒಟ್ಟು ಮಾಡಿದರೂ ಅಷ್ಟಾಗುತ್ತಿರಲಿಲ್ಲ. ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಜಾನ್ ಗಾಫ್ಮನ್ ಎಂಬ ಯುವಕ ಆ ಕೆಲಸ ಹೊತ್ತುಕೊಂಡರು. ಒಂದು ಟನ್ ಯುರೇನಿಯಂ ಲವಣವನ್ನು ಸೈಕ್ಲೋಟ್ರಾನಿನ ಹೊಡೆತಕ್ಕೆ ಒಡ್ಡಿ, ಕರಗಿಸಿ, ಸೋಸಿ, ಮತ್ತೆ ಕರಗಿಸಿ, ಕೊನೆಗೆ 1.2 ಮಿಲಿಗ್ರಾಂ ತೆಗೆದುಕೊಟ್ಟರು. ಕೇಳಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು!

ಇಂಥ ಕೈಚಳಕ ಇದ್ದವರು ಬಾಂಬಿನ ದಾರಿಯಲ್ಲೇ ಮುಂದುವರಿದಿದ್ದರೆ ಯಾರಿಗೂ ಅಚ್ಚರಿಯಾಗುತ್ತಿರಲಿಲ್ಲ. ಗಾಫ್ಮನ್ ವೈದ್ಯರಾಗಲು ಹೊರಟರು. 1946ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಮರುವರ್ಷ ಬರ್ಕ್ಲಿಗೇ ಮರಳಿ ಡೊನ್ನರ್ ಪ್ರಯೋಗಾಲಯ ಸೇರಿದರು. ಅವರು ಹಿಡಿದ ಸಮಸ್ಯೆ ಹೃದಯಾಘಾತ. ಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಸೋಂಕುರೋಗಗಳು ಹಿಂದೆ ಸರಿದು ಹೃದ್ರೋಗವೇ ಸಾವಿನ ಮೊದಲ ಕಾರಣವಾಗಿ ನಿಂತಿತ್ತು. ನಲವತ್ತೈದು ಐವತ್ತರ ಗಂಡಸರು ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಬಿದ್ದುಬಿಡುತ್ತಿದ್ದರು. ಏಕೆ ಎಂದು ಕೇಳಿದರೆ ವೈದ್ಯರಲ್ಲಿ ಬಹುಮಂದಿ, ವಯಸ್ಸಾದಂತೆ ರಕ್ತನಾಳ ಗಡುಸಾಗುವುದು ಸಹಜ ಎಂದು ಹೇಳಿ ಸುಮ್ಮನಾಗುತ್ತಿದ್ದರು.

ಸಹಜವಲ್ಲ ಎಂಬುದಕ್ಕೆ ಸುಳಿವು ಸಿಕ್ಕಿ ಆಗಲೇ ಮೂರು ದಶಕ ಕಳೆದಿತ್ತು. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಅನಿಚ್ಕೋವ್, ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಕರಗಿಸಿ ಮೊಲಗಳಿಗೆ ತಿನ್ನಿಸಿದ್ದರು. ಮೊಲಗಳ ಮಹಾಧಮನಿಯ ಒಳಗೋಡೆಯಲ್ಲಿ ಕೊಬ್ಬು ಗಂಟುಕಟ್ಟಿತು. ಅದೇ ಪ್ರಯೋಗವನ್ನು ನಾಯಿ, ಇಲಿಗಳ ಮೇಲೆ ಮಾಡಿದವರಿಗೆ ಹಾಗೆ ಕಾಣಲಿಲ್ಲ. ಮೊಲ ಹುಲ್ಲು ತಿನ್ನುವ ಪ್ರಾಣಿ, ಅದಕ್ಕೆ ಕೊಬ್ಬು ತಿನ್ನಿಸಿ ಮನುಷ್ಯರ ಬಗ್ಗೆ ಮಾತಾಡುವುದೇನು ಎಂಬ ಆಕ್ಷೇಪ ಬಂತು; ಸಂಗತಿ ಅಲ್ಲಿಗೇ ನಿಂತಿತು. ರಕ್ತದ ಕೊಲೆಸ್ಟ್ರಾಲ್ ಅಳೆಯುವ ರಾಸಾಯನಿಕ ವಿಧಾನವೇನೋ ಇತ್ತು. ಅದರ ಅಂಕಿ ಮಾತ್ರ ಗೊಂದಲ ಹುಟ್ಟಿಸುತ್ತಿತ್ತು. ಹೃದಯಾಘಾತವಾದ ಎಷ್ಟೋ ಜನರ ಕೊಲೆಸ್ಟ್ರಾಲ್ ಸಾಮಾನ್ಯರಷ್ಟೇ ಇರುತ್ತಿತ್ತು, ಅಂಕಿ ಹೆಚ್ಚಿದ್ದವರು ಎಷ್ಟೋ ಮಂದಿ ಗಟ್ಟಿಯಾಗಿಯೇ ಓಡಾಡಿಕೊಂಡಿರುತ್ತಿದ್ದರು.

ಗಾಫ್ಮನ್ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿದರು. ಕೊಲೆಸ್ಟ್ರಾಲ್ ನೀರಿನಲ್ಲಿ ಕರಗದ ವಸ್ತು. ರಕ್ತವೋ ಹೆಚ್ಚುಕಡಿಮೆ ನೀರು. ಹಾಗಾದರೆ ಅದು ರಕ್ತದಲ್ಲಿ ಹರಿಯುವುದು ಯಾವ ರೂಪದಲ್ಲಿ? ಒಂದಲ್ಲ ಒಂದು ಪ್ರೋಟೀನಿಗೆ ಅಂಟಿಕೊಂಡೇ ಸಾಗುತ್ತಿರಬೇಕು ಎನ್ನುವುದು ತಿಳಿದಿತ್ತು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಮಿಶೆಲ್ ಮಾಶ್‌ಬೋಫ್ 1929ರಲ್ಲೇ ಕುದುರೆಯ ಸೀರಮ್ಮಿನಿಂದ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವ) ಅಂಥದ್ದೊಂದು ಕೊಬ್ಬು-ಪ್ರೋಟೀನ್ ಜೋಡಿಯನ್ನು ಬೇರ್ಪಡಿಸಿದ್ದರು. ಎಷ್ಟು ಬಗೆಯ ಜೋಡಿಗಳಿವೆ, ಯಾವುದರಲ್ಲಿ ಎಷ್ಟು ಕೊಲೆಸ್ಟ್ರಾಲ್ ಇದೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಇಲ್ಲಿ ಕಥೆ ಸ್ವೀಡನ್ನಿಗೆ ಹೋಗಬೇಕು. ಉಪ್ಸಾಲಾದ ಥಿಯೊಡೋರ್ ಸ್ವೆಡ್‌ಬರ್ಗ್ 1920ರ ದಶಕದಲ್ಲಿ ಅಲ್ಟ್ರಾಸೆಂಟ್ರಿಫ್ಯೂಜ್ ಕಟ್ಟಿ, 1926ರಲ್ಲಿ ನೊಬೆಲ್ ಪಡೆದಿದ್ದರು. ಎಣ್ಣೆಯ ಒತ್ತಡದಿಂದ ತಿರುಗುವ ಟರ್ಬೈನು, ನಡುವೆ ಲೋಹದ ರೋಟರು, ರೋಟರಿನ ತೂತಿನಲ್ಲಿ ಪಾರದರ್ಶಕ ಕಿಟಕಿಯಿರುವ ಚಿಕ್ಕ ಅರೆ. ಆ ಅರೆಯಲ್ಲಿ ತುಂಬಿದ ದ್ರವ ಭೂಮಿಯ ಸೆಳೆತಕ್ಕಿಂತ ಲಕ್ಷಪಟ್ಟು ಹೆಚ್ಚಿನ ಬಲಕ್ಕೆ ಸಿಕ್ಕಿ, ಅದರೊಳಗಿನ ಪ್ರೋಟೀನುಗಳು ಒಂದೊಂದು ಜಾತಿ ಒಂದೊಂದು ವೇಗದಲ್ಲಿ ಹೊರಗಿನಂಚಿನತ್ತ ಇಳಿಯುತ್ತವೆ. ಯಂತ್ರ ತಿರುಗುತ್ತಿರುವಾಗಲೇ ಬೆಳಕು ಹಾಯಿಸಿ ಚಿತ್ರ ತೆಗೆದರೆ, ಪ್ರತಿ ಪ್ರೋಟೀನಿನ ಅಂಚು ಒಂದು ದಿಬ್ಬದಂತೆ ಮೂಡುತ್ತದೆ.

ಮನುಷ್ಯರ ಸೀರಂ ತಿರುಗಿಸಿದಾಗ ಆಲ್ಬುಮಿನ್ನಿನದೊಂದು ದಿಬ್ಬ, ಗ್ಲಾಬ್ಯುಲಿನ್ನಿನದೊಂದು ದಿಬ್ಬ ಬರಬೇಕಿತ್ತು. ಬಂದವು. ಅವುಗಳ ಜೊತೆಗೆ, 1935ರಲ್ಲಿ ಆರ್ಥರ್ ಮ್ಯಾಕ್‌ಫಾರ್ಲೇನ್ ಗಮನಿಸಿದಂತೆ, ಲೆಕ್ಕಕ್ಕೆ ಸಿಗದ ಇನ್ನೊಂದು ಬಂತು. ಅದಕ್ಕೆ ‘ಎಕ್ಸ್ ಪ್ರೋಟೀನ್’ ಎಂದು ಹೆಸರಿಟ್ಟರು. ಸೀರಂ ತೆಳು ಮಾಡಿದರೆ ಅದರ ಪ್ರಮಾಣ ಬದಲಾಗುತ್ತಿತ್ತು, ಉಪ್ಪು ಬೆರೆಸಿದರೆ ಮತ್ತೊಂದು ರೀತಿ ಬದಲಾಗುತ್ತಿತ್ತು. ನಿಜವಾದ ವಸ್ತು ಹಾಗೆ ಗಳಿಗೆಗೊಂದು ರೂಪ ತಾಳುವುದುಂಟೆ? ಉಪ್ಸಾಲಾದ ಕಾಯ್ ಪೆಡರ್ಸನ್ ವರ್ಷಗಟ್ಟಲೆ ಅದರ ಬೆನ್ನುಬಿದ್ದು, 1945ರಲ್ಲಿ ಅದೊಂದು ಆಲ್ಬುಮಿನ್, ಗ್ಲಾಬ್ಯುಲಿನ್, ಕೊಬ್ಬು ಮೂರೂ ಸೇರಿದ ಸಡಿಲ ಕೂಟ, ತೆಳು ಮಾಡಿದರೆ ಬಿಚ್ಚಿಕೊಳ್ಳುತ್ತದೆ ಎಂದು ತೀರ್ಮಾನಿಸಿದರು. ಆ ಕಾಲಕ್ಕೆ ಅದಕ್ಕಿಂತ ಒಪ್ಪುವ ವಿವರಣೆ ಬೇರೆ ಇರಲಿಲ್ಲ.

ಅಮೆರಿಕದಲ್ಲಿ ಎಡ್ವರ್ಡ್ ಪಿಕಲ್ಸ್ ಎಂಬ ಭೌತವಿಜ್ಞಾನಿ 1946ರಲ್ಲಿ ಸ್ಪಿಂಕೋ ಕಂಪನಿ ಕಟ್ಟಿ, ಎಣ್ಣೆ ಟರ್ಬೈನಿನ ಬದಲು ವಿದ್ಯುತ್ ಮೋಟರಿನಿಂದ ನಡೆಯುವ ಅಲ್ಟ್ರಾಸೆಂಟ್ರಿಫ್ಯೂಜನ್ನು ಮಾರಾಟಕ್ಕೆ ತಂದರು. ‘ಮಾಡೆಲ್ ಇ’ ಎಂದು ಅದರ ಹೆಸರು. ಅಂಥದ್ದೊಂದು ಡೊನ್ನರ್ ಪ್ರಯೋಗಾಲಯಕ್ಕೆ ಬಂತು. ಗಾಫ್ಮನ್, ಅವರ ವಿದ್ಯಾರ್ಥಿಗಳಾದ ಫ್ರಾಂಕ್ ಲಿಂಡ್‌ಗ್ರೆನ್, ಹೆರಾಲ್ಡ್ ಎಲಿಯಟ್ ಮೂವರೂ ಸೀರಂ ತಿರುಗಿಸಿ ನೋಡಿದಾಗ ಅವರಿಗೂ ಕಂಡದ್ದು ಅದೇ ಒಡ್ಡುಗಟ್ಟಿದ ವಿಚಿತ್ರ ಚಿತ್ರ: ಆಲ್ಬುಮಿನ್ನಿನ ದಿಬ್ಬದ ಪಕ್ಕದಲ್ಲಿ ಒಂದು ತಗ್ಗು. ದಿಬ್ಬ ಇರಬಹುದು, ತಗ್ಗು ಹೇಗೆ?

ಉತ್ತರ ಸಾಂದ್ರತೆಯಲ್ಲಿತ್ತು. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗುತ್ತದೆ. ಪ್ರೋಟೀನು ಅದೇ ಜಾಗದಲ್ಲಿ ಸುಮಾರು 1.3 ಗ್ರಾಂ, ಕೊಬ್ಬು ಸುಮಾರು 0.9 ಗ್ರಾಂ. ಎರಡೂ ಬೆರೆತ ಕಣ ಇವುಗಳ ನಡುವೆ ಎಲ್ಲೋ ಇರಬೇಕು, ಕೊಬ್ಬು ಹೆಚ್ಚಾದಷ್ಟೂ ಹಗುರ. ಆ ‘ಎಕ್ಸ್’ನ ಸಾಂದ್ರತೆ ಸುಮಾರು 1.03. ಆಲ್ಬುಮಿನ್ ದಟ್ಟವಾಗಿರುವ ಸೀರಮ್ಮಿನ ಸಾಂದ್ರತೆಯೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ಯಂತ್ರ ತಿರುಗಲು ತೊಡಗಿದರೆ ಆಲ್ಬುಮಿನ್ ಇಳಿಯುತ್ತದೆ. ಇಳಿದು ತೆರವಾದ ಮೇಲ್ಭಾಗದಲ್ಲಿ ದ್ರವ ಹಗುರವಾಗಿರುವುದರಿಂದ ಕೊಬ್ಬಿನ ಕಣವೂ ಅಲ್ಲಿಂದ ಇಳಿಯುತ್ತದೆ. ಇಳಿದು ಆಲ್ಬುಮಿನ್ನಿನ ಅಂಚು ಮುಟ್ಟಿದೊಡನೆ ಕೆಳಗೆ ಹೋಗಲಾರದೆ, ಮೇಲೆ ಬರಲಾರದೆ ಅಲ್ಲೇ ಒಟ್ಟಯಿಸಿಕೊಳ್ಳುತ್ತದೆ. ತಗ್ಗು ಎಂದು ಕಂಡದ್ದು ಆ ಜಂಗುಳಿ. ಸೀರಂ ತೆಳು ಮಾಡಿದರೆ ದ್ರವದ ಸಾಂದ್ರತೆ ಬದಲಾಗುತ್ತದೆ, ಜಂಗುಳಿಯೂ ಬದಲಾಗುತ್ತದೆ. ಪೆಡರ್ಸನ್ ಅವರ ಸಡಿಲ ಕೂಟ ಬಿಚ್ಚಿಕೊಳ್ಳುತ್ತಲೂ ಇರಲಿಲ್ಲ, ಕೂಡಿಕೊಳ್ಳುತ್ತಲೂ ಇರಲಿಲ್ಲ. ಅದೊಂದು ಗಟ್ಟಿಯಾದ, ತನ್ನದೇ ಅಸ್ತಿತ್ವವಿದ್ದ ಕಣ. ಈ ವಿಷಯದಲ್ಲಿ ಪೆಡರ್ಸನ್ ಅವರನ್ನು ಹೀಗಳೆಯಬೇಕಿಲ್ಲ: 1947ರ ಹೊತ್ತಿಗೆ ಅವರೂ ಮನುಷ್ಯ ರಕ್ತದಲ್ಲಿ ಕಡಿಮೆ ಸಾಂದ್ರತೆಯ ಲೈಪೋಪ್ರೋಟೀನ್ (ಕೊಬ್ಬು-ಪ್ರೋಟೀನ್ ಜೋಡಿ) ಇದೆಯೆಂದು ಬರೆದರು.

ರೋಗ ಗೊತ್ತಾದ ಮೇಲೆ ಮದ್ದು ಸುಲಭ. ನಮ್ಮ ರೈತರು ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಸುರಿದು ಜೊಳ್ಳು ತೇಲಿಸುತ್ತಾರಲ್ಲ, ನೀರಿಗೆ ಉಪ್ಪು ಸಾಕಾಯಿತೋ ಇಲ್ಲವೋ ಎಂದು ಕೋಳಿಮೊಟ್ಟೆ ಬಿಟ್ಟು ನೋಡುತ್ತಾರಲ್ಲ, ಗಾಫ್ಮನ್ ಮಾಡಿದ್ದೂ ಅದನ್ನೇ. ಸೀರಮ್ಮಿಗೆ ಉಪ್ಪು ಬೆರೆಸಿ ಸಾಂದ್ರತೆಯನ್ನು 1.063ಕ್ಕೆ ಏರಿಸಿದರು. ಈಗ ಆಲ್ಬುಮಿನ್, ಗ್ಲಾಬ್ಯುಲಿನ್ ಎಲ್ಲ ತಳಕ್ಕೆ ಇಳಿದವು; 1.063ಕ್ಕಿಂತ ಹಗುರಾದ ಕೊಬ್ಬಿನ ಕಣಗಳೆಲ್ಲ ಮೇಲೆ ತೇಲಿದವು. ತೇಲಿದ್ದನ್ನಷ್ಟೇ ಹೀರಿ ತೆಗೆದು ಮಾಡೆಲ್ ಇ ಯಂತ್ರದಲ್ಲಿ ನಿಮಿಷಕ್ಕೆ 52,640 ಸುತ್ತಿನಂತೆ ತಿರುಗಿಸಿ, ಹೊತ್ತುಹೊತ್ತಿಗೆ ಚಿತ್ರ ತೆಗೆಯುವುದು. ಒಂದು ಚಿತ್ರದಿಂದ ಇನ್ನೊಂದಕ್ಕೆ ದಿಬ್ಬ ಎಷ್ಟು ಸರಿದಿದೆ ಎಂದು ನೋಡಿದರೆ ತೇಲುವ ವೇಗ ಗೊತ್ತಾಯಿತು; ದಿಬ್ಬದ ಕೆಳಗಿನ ವಿಸ್ತೀರ್ಣ ಅಳೆದರೆ ಪ್ರಮಾಣ ಗೊತ್ತಾಯಿತು. ವೇಗವನ್ನು ಸ್ವೆಡ್‌ಬರ್ಗ್ ಹೆಸರಿನ ‘ಎಸ್‌ಎಫ್’ ಮಾನದಲ್ಲಿ ಬರೆದರು. ಕಣ ಹಗುರವೂ ದೊಡ್ಡದೂ ಆದಷ್ಟು ಈ ಅಂಕಿ ಹೆಚ್ಚು.

ಒಂದೇ ಕಣ ಎಂದುಕೊಂಡಿದ್ದ ಕಡೆ ಸಾಲುಸಾಲು ಕಂಡವು. 0ಯಿಂದ 12, 12ರಿಂದ 20, 20ರಿಂದ 100, 100ರಿಂದ 400 ಎಂದು ಗುಂಪು ಮಾಡಿದರು. ಒಬ್ಬೊಬ್ಬರ ರಕ್ತದಲ್ಲಿ ಈ ಗುಂಪುಗಳ ಹಂಚಿಕೆ ಒಂದೊಂದು ರೀತಿ. ಕೊಲೆಸ್ಟ್ರಾಲ್ ಅಂಕಿ ಇಬ್ಬರಲ್ಲಿ ಒಂದೇ ಆಗಿದ್ದರೂ ಅದನ್ನು ಹೊತ್ತ ಕಣಗಳು ಬೇರೆಬೇರೆಯಾಗಿರಬಹುದಿತ್ತು. 1950ರ ‘ಸೈನ್ಸ್’ ಪತ್ರಿಕೆಯಲ್ಲಿ ಗಾಫ್ಮನ್ ಮತ್ತು ಸಂಗಡಿಗರು ಈ ಫಲಿತಾಂಶ ಪ್ರಕಟಿಸಿದರು. ಕೊಲೆಸ್ಟ್ರಾಲ್ ತಿನ್ನಿಸಿದ ಮೊಲಗಳಲ್ಲಿ ಯಾವುವು ಈ ಮಧ್ಯಮ ಗಾತ್ರದ ಕಣಗಳನ್ನು ರಕ್ತದಲ್ಲಿ ತೋರಿಸಿದವೋ ಅವುಗಳ ಧಮನಿಯೇ ಕೆಟ್ಟಿತ್ತು. ಹೃದಯಾಘಾತವಾದವರ ರಕ್ತದಲ್ಲೂ ಅಂಥ ಕಣಗಳೇ ಹೆಚ್ಚು. ಮುಖ್ಯ ಅಪರಾಧಿ 12ರಿಂದ 20ರ ಗುಂಪು ಎಂಬುದು ಆಗಿನ ಅವರ ನಂಬಿಕೆ. ಇಂದು ಎಲ್‌ಡಿಎಲ್ ಎನ್ನುವ ಕಡಿಮೆ ಸಾಂದ್ರತೆಯ ಲೈಪೋಪ್ರೋಟೀನ್ ಬಹುತೇಕ 0ಯಿಂದ 12ರ ಗುಂಪು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಬೆರಳು ತೋರಿಸಿದ ದಿಕ್ಕು ಸರಿಯಿತ್ತು, ಮನೆ ಮಾತ್ರ ಪಕ್ಕದ್ದು.

ಸುದ್ದಿ ಪತ್ರಿಕೆಗಳಿಗೆ ಹೋಯಿತು. ಗಾಫ್ಮನ್ ಸುಮ್ಮನೆ ಕೂರುವ ಜಾತಿಯವರಲ್ಲ. ಮುಂದೆ 1958ರಲ್ಲಿ ಅಲೆಕ್ಸ್ ನಿಕೋಲ್ಸ್, ವರ್ಜೀನಿಯಾ ಡಾಬಿನ್ ಜೊತೆ ಸೇರಿ ಹೃದ್ರೋಗಿಗಳ ಪಥ್ಯದ ಪುಸ್ತಕವನ್ನೂ ತಂದರು. ಎದುರಾಳಿಗಳಂತೂ ಬೇಗನೆ ಹುಟ್ಟಿಕೊಂಡರು. ಮಿನೆಸೋಟಾದ ಆನ್ಸೆಲ್ ಕೀಸ್, ಊಟದ ಕೊಬ್ಬಿಗೂ ಹೃದ್ರೋಗಕ್ಕೂ ನಂಟು ಕಟ್ಟಿ ಮುಂದೆ ಜಗತ್ಪ್ರಸಿದ್ಧರಾದವರು, 1951ರಲ್ಲೇ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಈ ‘ದೈತ್ಯ ಅಣು’ಗಳ ಬಗ್ಗೆ ಟೀಕಿಸಿ ಬರೆದರು. ಒಟ್ಟು ಕೊಲೆಸ್ಟ್ರಾಲ್ ಅಳೆದರೆ ಸಾಕಲ್ಲವೆ, ಇಷ್ಟು ದೊಡ್ಡ ಯಂತ್ರ ಏಕೆ ಎಂಬುದು ವಾದದ ತಿರುಳು. ಆ ಪ್ರಶ್ನೆಯಲ್ಲಿ ನ್ಯಾಯವಿತ್ತು. ಕೊಲೆಸ್ಟ್ರಾಲನ್ನು ಯಾವ ಊರಿನ ಆಸ್ಪತ್ರೆಯಾದರೂ ಅಳೆಯಬಲ್ಲದು. ಅಲ್ಟ್ರಾಸೆಂಟ್ರಿಫ್ಯೂಜ್ ಇಡೀ ದೇಶದಲ್ಲಿ ಬೆರಳೆಣಿಕೆಯ ಪ್ರಯೋಗಾಲಯಗಳಲ್ಲಿತ್ತು.

ಜಗಳ ತೀರಿಸಲು ಸರಕಾರದ ಬೆಂಬಲದಲ್ಲಿ ಒಂದು ಜಂಟಿ ಅಧ್ಯಯನ ಶುರುವಾಯಿತು. ಬರ್ಕ್ಲಿ, ಕ್ಲೀವ್‌ಲ್ಯಾಂಡ್ ಕ್ಲಿನಿಕ್, ಹಾರ್ವರ್ಡ್, ಪಿಟ್ಸ್‌ಬರ್ಗ್, ಹೀಗೆ ನಾಲ್ಕು ಪ್ರಯೋಗಾಲಯ. ನಲವತ್ತರಿಂದ ಐವತ್ತೊಂಬತ್ತು ವಯಸ್ಸಿನ ಸುಮಾರು 5000 ಗಂಡಸರು. ಎಲ್ಲರ ಕೊಲೆಸ್ಟ್ರಾಲೂ ಅಳೆಯಬೇಕು, ಲೈಪೋಪ್ರೋಟೀನೂ ಅಳೆಯಬೇಕು. ಮುಂದೆ ಯಾರಿಗೆ ಹೃದಯಾಘಾತವಾಗುತ್ತದೆ ಎಂಬುದನ್ನು ಯಾವ ಅಂಕಿ ಚೆನ್ನಾಗಿ ಹೇಳಿತ್ತು ಎಂದು ನೋಡಬೇಕು. ಕಾಗದದ ಮೇಲೆ ಇದಕ್ಕಿಂತ ಚೊಕ್ಕ ಪರೀಕ್ಷೆ ಇರಲಾರದು.

ನಡುದಾರಿಯಲ್ಲಿ ಅದು ಕೆಟ್ಟಿತು. ಕಣಗಳು ದಟ್ಟವಾಗಿದ್ದಾಗ ಒಂದನ್ನೊಂದು ತಡೆದು ನಿಧಾನವಾಗಿ ತೇಲುತ್ತವೆ, ಹಾಗಾಗಿ ಹಳೆಯ ಲೆಕ್ಕದಲ್ಲಿ ತಪ್ಪು ನುಸುಳುತ್ತಿದೆ ಎಂದು ಬರ್ಕ್ಲಿಯವರಿಗೆ ಮನವರಿಕೆಯಾಯಿತು. ಅವರು ವಿಧಾನ ಬದಲಿಸಿದರು. ಉಳಿದ ಮೂವರು, ಒಪ್ಪಿಕೊಂಡ ವಿಧಾನವನ್ನು ಆಟದ ನಡುವೆ ಬದಲಿಸುವುದು ತರವಲ್ಲ ಎಂದು ಪಟ್ಟುಹಿಡಿದರು. ಬರ್ಕ್ಲಿಯವರು ಗುಂಪುಗಳ ಅಂಕಿಗಳನ್ನು ಬೇರೆಬೇರೆ ತೂಕ ಕೊಟ್ಟು ಕೂಡಿಸಿ ಒಂದು ಹೊಸ ಸೂಚ್ಯಂಕವನ್ನೂ ಮಾಡಿಕೊಂಡಿದ್ದರು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎನ್ನುವುದೂ ತಕರಾರಾಯಿತು. 1956ರಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ವರದಿ ಬಂದಾಗ ಒಂದೇ ವರದಿಯೊಳಗೆ ಎರಡು ತೀರ್ಮಾನಗಳಿದ್ದವು. ಮೂರು ಪ್ರಯೋಗಾಲಯಗಳ ಬಹುಮತ ಹೇಳಿತು: ಎರಡು ಅಳತೆಗಳಿಗೂ ರೋಗದೊಂದಿಗೆ ನಂಟಿದೆ, ಆದರೆ ಲೈಪೋಪ್ರೋಟೀನ್ ಕೊಲೆಸ್ಟ್ರಾಲಿಗಿಂತ ಮೇಲೆಂದು ಹೇಳಲು ಆಧಾರವಿಲ್ಲ. ಬರ್ಕ್ಲಿಯವರು ಒಪ್ಪದೆ ತಮ್ಮ ಭಿನ್ನಮತವನ್ನು ಪಕ್ಕದಲ್ಲೇ ಅಚ್ಚುಹಾಕಿಸಿದರು.

ಇತಿಹಾಸಕಾರರಲ್ಲಿ ಈ ವರದಿಯ ಬಗ್ಗೆ ಇನ್ನೂ ಒಮ್ಮತವಿಲ್ಲ. ಗಾಫ್ಮನ್ ಅವರ ಹಟಮಾರಿತನವೇ ಅವರ ವಾದವನ್ನು ಕೆಡಿಸಿತು ಎನ್ನುವವರಿದ್ದಾರೆ. ಬಹುಮತದವರು ಹಳಸಿದ ಅಳತೆಗೆ ಅಂಟಿಕೊಂಡರು ಎನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಬಹುಮತದ ಲೆಕ್ಕ ಸರಿಯಿತ್ತು, ಪ್ರಶ್ನೆ ಬಡವಾಗಿತ್ತು. ಯಾವ ಅಂಕಿ ಭವಿಷ್ಯ ಚೆನ್ನಾಗಿ ನುಡಿಯುತ್ತದೆ ಎಂದಷ್ಟೇ ಅವರು ಕೇಳಿಕೊಂಡರು. ಸಾಂದ್ರತೆ ರಕ್ತದ ಕೊಬ್ಬನ್ನು ಜಾತಿಜಾತಿಯಾಗಿ ಬಿಡಿಸಿ ಇಟ್ಟಿತ್ತಲ್ಲ, ಪ್ರತಿ ಜಾತಿ ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ, ಯಾವುದು ಇಲ್ಲವಾದರೆ ಏನಾಗುತ್ತದೆ ಎಂದು ಕೇಳುವ ಗೊಡವೆಗೆ ಯಾರೂ ಹೋಗಲಿಲ್ಲ. ವರದಿ ಬಂದದ್ದೇ, ಸಾಮಾನ್ಯ ವೈದ್ಯರ ಮಟ್ಟಿಗೆ ಲೈಪೋಪ್ರೋಟೀನ್ ಮುಗಿದ ಅಧ್ಯಾಯವಾಯಿತು. ಹತ್ತು ಹನ್ನೊಂದು ವರ್ಷ ಒಟ್ಟು ಕೊಲೆಸ್ಟ್ರಾಲಿನದೇ ಆಳ್ವಿಕೆ.

ಆದರೆ ಪ್ರಯೋಗಾಲಯಗಳಲ್ಲಿ ಕೆಲಸ ನಿಂತಿರಲಿಲ್ಲ. 1955ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಿಚರ್ಡ್ ಹ್ಯಾವೆಲ್, ಹೊವರ್ಡ್ ಈಡರ್, ಜೋಸೆಫ್ ಬ್ರಾಗ್ಡನ್ ಮೂವರೂ ಚಿತ್ರ ತೆಗೆಯುವ ದುಬಾರಿ ಯಂತ್ರದ ಹಂಗಿಲ್ಲದ ಒಂದು ವಿಧಾನ ಪ್ರಕಟಿಸಿದರು. ಸೀರಮ್ಮಿನ ಸಾಂದ್ರತೆಯನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸುತ್ತ ಹೋಗುವುದು, ಪ್ರತಿ ಮೆಟ್ಟಿಲಿನಲ್ಲೂ ತೇಲಿದ್ದನ್ನು ಕೊಳವೆಯ ಮೇಲ್ತುದಿಯಿಂದ ತೆಗೆದಿಡುವುದು. 1.019ರಲ್ಲಿ ತೇಲಿದ್ದು ಒಂದು, 1.063ರಲ್ಲಿ ತೇಲಿದ್ದು ಇನ್ನೊಂದು, 1.21ರಲ್ಲಿ ತೇಲಿದ್ದು ಮತ್ತೊಂದು. ನಡುವಿನದು ಇಂದಿನ ಎಲ್‌ಡಿಎಲ್, ಕೊನೆಯದು ಹೆಚ್ಚು ಸಾಂದ್ರತೆಯ ಎಚ್‌ಡಿಎಲ್. ಮುಂದಿನ ಎಲ್ಲ ಪಠ್ಯಪುಸ್ತಕಗಳ ಗಡಿರೇಖೆಗಳು ಹೆಚ್ಚುಕಡಿಮೆ ಇಲ್ಲಿಂದಲೇ ಬಂದವು. ನಿಸರ್ಗ ಹೀಗೆ 1.063ರಲ್ಲಿ ಗೆರೆ ಎಳೆದಿಲ್ಲ, ಎಳೆದದ್ದು ಮನುಷ್ಯರು. ಗೆರೆ ಬಿದ್ದ ಮೇಲೆ ಮಾತ್ರ ಅದರ ಎರಡು ಬದಿಯಲ್ಲಿ ಹುಡುಕುವುದು ಸಾಧ್ಯವಾಯಿತು.

ಹುಡುಕಾಟಕ್ಕೆ ಮೊದಲ ದೊಡ್ಡ ಫಲ ಒಂದು ಪುಟ್ಟ ದ್ವೀಪದಿಂದ ಬಂತು. ವರ್ಜೀನಿಯಾ ರಾಜ್ಯದ ಚೆಸಾಪೀಕ್ ಕೊಲ್ಲಿಯಲ್ಲಿ ಟ್ಯಾಂಜಿಯರ್ ಎಂಬ ಮೀನುಗಾರರ ದ್ವೀಪ. ಅಲ್ಲಿಯ ಒಬ್ಬ ಪುಟ್ಟ ಹುಡುಗನ ಗಂಟಲಿನ ಟಾನ್ಸಿಲ್ ಊದಿಕೊಂಡು, ಹಳದಿಯೂ ಅಲ್ಲದ ಕೆಂಪೂ ಅಲ್ಲದ ಕಿತ್ತಳೆ ಬಣ್ಣ ತಿರುಗಿತ್ತು. ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೊನಾಲ್ಡ್ ಫ್ರೆಡ್ರಿಕ್‌ಸನ್ ಪರೀಕ್ಷಿಸಿದರೆ, ಆ ಟಾನ್ಸಿಲಿನ ತುಂಬ ಕೊಲೆಸ್ಟ್ರಾಲ್ ಸೇರಿಕೊಂಡಿತ್ತು. ರಕ್ತದಲ್ಲಿ ಎಚ್‌ಡಿಎಲ್ ಎಂಬುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದ್ವೀಪಕ್ಕೇ ಹೋಗಿ ನೋಡಿದಾಗ ಹುಡುಗನ ಅಕ್ಕನ ಗಂಟಲೂ ಹಾಗೇ ಇತ್ತು. 1961ರಲ್ಲಿ ಇದು ‘ಟ್ಯಾಂಜಿಯರ್ ರೋಗ’ ಎಂದು ವರದಿಯಾಯಿತು. ಕಾರಣವಾದ ಜೀನ್ ಸಿಕ್ಕದ್ದು 1999ರಲ್ಲಿ. ಒಟ್ಟು ಕೊಲೆಸ್ಟ್ರಾಲ್ ಮಾತ್ರ ಅಳೆದಿದ್ದರೆ, ಈ ಮಕ್ಕಳ ರಕ್ತದಲ್ಲಿ ಅದು ಕಡಿಮೆಯೆಂದು ಬರೆದು ಸಂತೋಷಪಟ್ಟು ಕಳಿಸಿಬಿಡುತ್ತಿದ್ದರೋ ಏನೋ.

1967ರಲ್ಲಿ ಫ್ರೆಡ್ರಿಕ್‌ಸನ್, ರಾಬರ್ಟ್ ಲೆವಿ, ರಾಬರ್ಟ್ ಲೀಸ್ ಐದು ಕಂತುಗಳ ಲೇಖನಮಾಲೆ ಬರೆದು, ರಕ್ತದ ಕೊಬ್ಬಿನ ತೊಂದರೆಗಳನ್ನು ಯಾವ ಲೈಪೋಪ್ರೋಟೀನ್ ಹೆಚ್ಚಿದೆ ಎಂಬುದರ ಮೇಲೆ ವಿಂಗಡಿಸಿದರು. ವೈದ್ಯರು ಮತ್ತೆ ಇತ್ತ ತಿರುಗಿದರು. ಸ್ವಾರಸ್ಯವೆಂದರೆ, ಆ ಮೂವರು ಮುಖ್ಯವಾಗಿ ನೆಚ್ಚಿದ್ದು ಅಲ್ಟ್ರಾಸೆಂಟ್ರಿಫ್ಯೂಜನ್ನಲ್ಲ, ಕಾಗದದ ಪಟ್ಟಿಯ ಮೇಲೆ ವಿದ್ಯುತ್ ಹಾಯಿಸಿ ಕಣಗಳನ್ನು ಬೇರ್ಪಡಿಸುವ ಅಗ್ಗದ ವಿಧಾನವನ್ನು. ಗಾಫ್ಮನ್ ಅವರ ವಿಚಾರ ಗೆದ್ದದ್ದು ಅವರ ಯಂತ್ರವನ್ನು ಬದಿಗಿಟ್ಟ ಮೇಲೆ.

ಇದಕ್ಕಿಂತ ದೊಡ್ಡ ತಿರುವು 1972ರಲ್ಲಿ. ವಿಲಿಯಂ ಫ್ರೀಡ್‌ವಾಲ್ಡ್, ಲೆವಿ, ಫ್ರೆಡ್ರಿಕ್‌ಸನ್ ಮೂವರೂ 448 ಮಂದಿಯ ರಕ್ತ ಪರೀಕ್ಷಿಸಿ, ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಲೆಕ್ಕದಿಂದಲೇ ತೆಗೆಯುವ ಸೂತ್ರ ಕೊಟ್ಟರು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಅಂಕಿಯನ್ನು ಐದರಿಂದ ಭಾಗಿಸಿ ಅದನ್ನೂ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಅಲ್ಟ್ರಾಸೆಂಟ್ರಿಫ್ಯೂಜ್ ಬಳಸದೆಯೇ ಎಂಬ ಮಾತನ್ನು ಅವರು ಪ್ರಬಂಧದ ಶೀರ್ಷಿಕೆಯಲ್ಲೇ ಇಟ್ಟಿದ್ದರು. ಹುಬ್ಬಳ್ಳಿಯ ಗಲ್ಲಿಯಲ್ಲಿರುವ ಲ್ಯಾಬಿನಲ್ಲೂ ಲಿಪಿಡ್ ಪ್ರೊಫೈಲ್ ಮಾಡಿಸಲು ಸಾಧ್ಯವಾದದ್ದು ಈ ಬಗೆಯ ಸರಳೀಕರಣಗಳಿಂದ. ಹನ್ನೆರಡು ಗಂಟೆ ಉಪವಾಸ ಇದ್ದು ಬನ್ನಿ ಎನ್ನುತ್ತಿದ್ದುದಕ್ಕೂ ಬಹುಮಟ್ಟಿಗೆ ಈ ಸೂತ್ರವೇ ಕಾರಣ. ಊಟ ಮಾಡಿದರೆ ಟ್ರೈಗ್ಲಿಸರೈಡ್ ಏರುತ್ತದೆ, ಐದರಿಂದ ಭಾಗಿಸುವ ಲೆಕ್ಕ ತಪ್ಪುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರ ನಡೆಯುವುದಿಲ್ಲ ಎಂದು ಬರೆದವರೇ ಎಚ್ಚರಿಸಿದ್ದರು.

ಅದೇ ವರ್ಷಗಳಲ್ಲಿ ಡಲ್ಲಾಸಿನ ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಎಳೆಯ ವಯಸ್ಸಿನಲ್ಲೇ ಹೃದಯಾಘಾತಕ್ಕೆ ತುತ್ತಾಗುವ ಮಕ್ಕಳ ಚರ್ಮದ ಜೀವಕೋಶಗಳನ್ನು ಬೆಳೆಸಿ ನೋಡುತ್ತಿದ್ದರು. 1.019ಕ್ಕೂ 1.063ಕ್ಕೂ ನಡುವೆ ತೇಲಿಸಿ ತೆಗೆದ ಎಲ್‌ಡಿಎಲ್ಲಿಗೆ ವಿಕಿರಣಶೀಲ ಅಯೋಡಿನ್ ಅಂಟಿಸಿ ಕೋಶಗಳ ಮೇಲೆ ಸುರಿದರು. ಆರೋಗ್ಯವಂತರ ಕೋಶ ಅದನ್ನು ಹಿಡಿದು ಒಳಗೆಳೆದುಕೊಂಡಿತು. ಆ ಮಕ್ಕಳ ಕೋಶಕ್ಕೆ ಹಿಡಿಯುವ ಕೈಯೇ ಇರಲಿಲ್ಲ. ಹೀಗೆ ಎಲ್‌ಡಿಎಲ್ ಗ್ರಾಹಕ ಸಿಕ್ಕಿತು. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಜಪಾನಿನ ಅಕಿರಾ ಎಂಡೋ ಬೂಸಿನಿಂದ ಹುಡುಕಿ ತೆಗೆದ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಔಷಧಗಳು ಕೆಲಸ ಮಾಡುವುದೂ ಈ ಗ್ರಾಹಕಗಳ ಸಂಖ್ಯೆ ಹೆಚ್ಚಿಸಿಯೇ. 1994ರ ಸ್ಕ್ಯಾಂಡಿನೇವಿಯಾದ ಅಧ್ಯಯನ, ಎಲ್‌ಡಿಎಲ್ ಇಳಿಸಿದರೆ ಹೃದ್ರೋಗಿಗಳ ಸಾವು ಕಡಿಮೆಯಾಗುತ್ತದೆ ಎಂದು ತೋರಿಸಿದ ಮೇಲೆ ಕೊಲೆಸ್ಟ್ರಾಲ್ ವಾದದ ಹಳೆಯ ಎದುರಾಳಿಗಳು ಹೆಚ್ಚಿನಂಶ ಮೌನವಾದರು.

ಎಚ್‌ಡಿಎಲ್ಲಿನ ಕಥೆ ಅಷ್ಟು ಸುಖಾಂತವಲ್ಲ. 1977ರಲ್ಲಿ ಫ್ರೇಮಿಂಗ್‌ಹ್ಯಾಮ್ ಅಧ್ಯಯನ, ಎಚ್‌ಡಿಎಲ್ ಹೆಚ್ಚಿದ್ದವರಿಗೆ ಹೃದ್ರೋಗ ಕಡಿಮೆ ಎಂದು ಹೇಳಿದ್ದೇ, ಅದು ‘ಒಳ್ಳೆಯ ಕೊಲೆಸ್ಟ್ರಾಲ್’ ಎಂದು ಮನೆಮಾತಾಯಿತು. ಹಾಗಾದರೆ ಅದನ್ನು ಏರಿಸುವ ಮಾತ್ರೆ ಮಾಡೋಣ ಎಂದು ಔಷಧ ಕಂಪನಿಗಳು ಹೊರಟವು. ಟಾರ್ಸೆಟ್ರಾಪಿಬ್ ಎಂಬ ಔಷಧವನ್ನು ಸುಮಾರು 15,000 ಜನರ ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. ಎಚ್‌ಡಿಎಲ್ ಚೆನ್ನಾಗಿಯೇ ಏರಿತು, ಜೊತೆಗೆ ಸಾವೂ ಏರಿತು. 2006ರ ಡಿಸೆಂಬರಿನಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಹುಟ್ಟಿನಿಂದಲೇ ಎಚ್‌ಡಿಎಲ್ ಹೆಚ್ಚಿರುವಂತೆ ಮಾಡುವ ಜೀನ್ ಇದ್ದವರಿಗೂ ಹೃದಯಾಘಾತ ಕಡಿಮೆಯೇನಲ್ಲ ಎಂದು 2012ರ ಒಂದು ದೊಡ್ಡ ವಂಶವಾಹಿ ಅಧ್ಯಯನ ತೋರಿಸಿತು. ಸಾಂದ್ರತೆ ಒಂದು ಕಣ ಎಲ್ಲಿ ತೇಲುತ್ತದೆ ಎಂದು ಹೇಳುತ್ತದೆ, ಅದು ಏನು ಕೆಲಸ ಮಾಡುತ್ತದೆ ಎಂಬುದನ್ನು ಬೇರೆ ದಾರಿಯಲ್ಲೇ ಕೇಳಿ ತಿಳಿಯಬೇಕು.

ಇಷ್ಟರಲ್ಲಿ ಗಾಫ್ಮನ್ ಎಲ್ಲಿದ್ದರು? 1950ರ ದಶಕದ ಮಧ್ಯದಲ್ಲಿ ಅವರು ಲಿವರ್‌ಮೋರ್ ಪರಮಾಣು ಪ್ರಯೋಗಾಲಯದ ನೌಕರರ ರಕ್ತ ತೆಗೆದು ಅಳೆದಿಟ್ಟಿದ್ದರು. 1963ರಲ್ಲಿ ಅದೇ ಲಿವರ್‌ಮೋರಿಗೆ ವಿಕಿರಣದ ಪರಿಣಾಮ ಅಧ್ಯಯನಕ್ಕೆಂದು ಹೋದರು. 1969ರಲ್ಲಿ ಆರ್ಥರ್ ಟ್ಯಾಂಪ್ಲಿನ್ ಜೊತೆಗೂಡಿ, ಸರಕಾರ ನಿಗದಿಮಾಡಿದ ವಿಕಿರಣದ ಮಿತಿ ತೀರ ಸಡಿಲ, ಅದರಿಂದ ಕ್ಯಾನ್ಸರ್ ಹೆಚ್ಚುತ್ತದೆ ಎಂದು ಬಹಿರಂಗವಾಗಿ ಹೇಳಿ ಪರಮಾಣು ಶಕ್ತಿ ಆಯೋಗವನ್ನೇ ಎದುರು ಹಾಕಿಕೊಂಡರು. ಉಳಿದ ಆಯುಷ್ಯವೆಲ್ಲ ಆ ಹೋರಾಟದಲ್ಲೇ ಕಳೆಯಿತು. 2007ರಲ್ಲಿ ಅವರು ತೀರಿಕೊಂಡಾಗ ಸುದ್ದಿ ಬರೆದವರಲ್ಲಿ ಹಲವರು ಅವರನ್ನು ನೆನೆದದ್ದು ಅಣುಶಕ್ತಿಯ ವಿರೋಧಿ ಎಂದು. ನಾಲ್ಕು ವರ್ಷಗಳ ಮೇಲೆ ಲಿವರ್‌ಮೋರಿನ ಆ ಹಳೆಯ ಅಳತೆಗಳನ್ನು, ಸುಮಾರು 1900 ಗಂಡಸರ ಇಪ್ಪತ್ತೊಂಬತ್ತು ವರ್ಷಗಳ ಸಾವುನೋವಿನ ದಾಖಲೆಯೊಂದಿಗೆ ಹೋಲಿಸಿ ಬರ್ಕ್ಲಿಯ ಪಾಲ್ ವಿಲಿಯಮ್ಸ್ ಪ್ರಕಟಿಸಿದರು. ಸಾಂದ್ರತೆಯ ಗುಂಪುಗಳಿಗೂ ಹೃದ್ರೋಗಕ್ಕೂ ನಂಟು ಅಲ್ಲಿ ಸ್ಪಷ್ಟವಾಗಿ ಕಂಡಿತು.

ಡೊನ್ನರ್ ಪ್ರಯೋಗಾಲಯದಲ್ಲೇ ಮುಂದೆ ರೊನಾಲ್ಡ್ ಕ್ರಾಸ್ ಎಲ್‌ಡಿಎಲ್ಲನ್ನೇ ಮತ್ತೆ ಒಡೆದು ನೋಡಿ, ಕೆಲವರಲ್ಲಿ ಅದರ ಕಣಗಳು ಚಿಕ್ಕವೂ ಹೆಚ್ಚು ಸಾಂದ್ರವೂ ಆಗಿರುತ್ತವೆ ಎಂದು 1980ರ ದಶಕದಲ್ಲಿ ತೋರಿಸಿದರು. ಹೀಗಿದ್ದಾಗ ಎಲ್‌ಡಿಎಲ್ ಕೊಲೆಸ್ಟ್ರಾಲಿನ ಅಂಕಿ ಸಾಧಾರಣವಾಗಿದ್ದರೂ ಕಣಗಳ ಸಂಖ್ಯೆ ಹೆಚ್ಚಿರುತ್ತದೆ. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವವರಲ್ಲಿ ಇದು ಸಾಮಾನ್ಯ, ಮತ್ತು ಭಾರತೀಯರ ರಕ್ತದ ಚಿತ್ರ ಬಹುಮಟ್ಟಿಗೆ ಅಂಥದ್ದೇ. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಸಮೀಕ್ಷೆಯ 2014ರ ವರದಿಯಂತೆ ನೂರಕ್ಕೆ 72.3 ಮಂದಿಯಲ್ಲಿ ಎಚ್‌ಡಿಎಲ್ ಕಡಿಮೆ, 29.5 ಮಂದಿಯಲ್ಲಿ ಟ್ರೈಗ್ಲಿಸರೈಡ್ ಹೆಚ್ಚು. ಎಲ್‌ಡಿಎಲ್ ಹೆಚ್ಚಿದ್ದವರು 11.8 ಮಾತ್ರ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ, 52 ದೇಶಗಳ ಹೃದಯಾಘಾತದ ರೋಗಿಗಳನ್ನು ಆರೋಗ್ಯವಂತರೊಂದಿಗೆ ಹೋಲಿಸಿದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಅತಿ ಬಲವಾದ ಸೂಚಕಗಳಲ್ಲಿ ಒಂದಾಗಿ ನಿಂತದ್ದು ಅಪೋ ಬಿ ಮತ್ತು ಅಪೋ ಎ-1 ಎಂಬ ಎರಡು ಪ್ರೋಟೀನುಗಳ ಅನುಪಾತ. ಪ್ರತಿ ಎಲ್‌ಡಿಎಲ್ ಕಣದಲ್ಲೂ ಅಪೋ ಬಿ ಒಂದೇ ಒಂದು ಇರುತ್ತದೆ, ಆದ್ದರಿಂದ ಅದನ್ನು ಅಳೆದರೆ ಕಣಗಳ ತಲೆಎಣಿಕೆ ಮಾಡಿದಂತೆ. ಎಲ್‌ಡಿಎಲ್ ಬಿಟ್ಟು ಅಪೋ ಬಿ ಅಳೆಯಬೇಕೆ ಎನ್ನುವ ಚರ್ಚೆ ಹೃದ್ರೋಗ ತಜ್ಞರ ನಡುವೆ ಈಗ ಜೋರಾಗಿಯೇ ನಡೆದಿದೆ.

ಅಷ್ಟಾದರೂ ವರದಿಯಲ್ಲಿ ಬರುವ ಎಲ್‌ಡಿಎಲ್ ಅಂಕಿ ಸರಿಯೋ ತಪ್ಪೋ ಎಂದು ನೋಡಲು ಒಂದು ಮೂಲ ಅಳತೆ ಬೇಕಲ್ಲ. ಅದನ್ನು ಕಾಪಾಡಿಕೊಂಡು ಬಂದಿರುವುದು ಅಮೆರಿಕದ ಅಟ್ಲಾಂಟಾದಲ್ಲಿರುವ ರೋಗನಿಯಂತ್ರಣ ಕೇಂದ್ರದ ಪ್ರಯೋಗಾಲಯ. ಅದರ ಪ್ರಮಾಣಿತ ವಿಧಾನದಲ್ಲಿ ಮೊದಲ ಹೆಜ್ಜೆ, ಸೀರಮ್ಮನ್ನು 1.006 ಸಾಂದ್ರತೆಯಲ್ಲಿಟ್ಟು ಅಲ್ಟ್ರಾಸೆಂಟ್ರಿಫ್ಯೂಜಿನಲ್ಲಿ ಹದಿನೆಂಟು ಗಂಟೆ ತಿರುಗಿಸುವುದು.